ಪಲ್ಲಾಡಿಯಂ ಬಳಸಿ ರಂಜಕ–ಇಂಗಾಲ ಬಂಧ: ಪದೇ ಪದೇ ಕೈಕೊಡುವ ರಿಯಾಕ್ಷನ್‌ಗೆ ಸಮಗ್ರ ಮಾರ್ಗದರ್ಶಿ

ಅರೈಲ್ ಬ್ರೋಮೈಡ್ (ಬೆಂಜೀನ್‌ನಂಥ ಉಂಗುರಕ್ಕೆ ಬ್ರೋಮಿನ್ ಅಂಟಿದ ವಸ್ತು) ಇತ್ತು, ಡೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಇತ್ತು, ಪಲ್ಲಾಡಿಯಂ ಇತ್ತು, ಬೇಸ್ ಇತ್ತು. ರಾತ್ರಿಯಿಡೀ 100 ಡಿಗ್ರಿಯಲ್ಲಿ ಕಾಯಿಸಿದ್ದೂ ಆಯಿತು. ಬೆಳಿಗ್ಗೆ ನೋಡಿದರೆ ತಳದಲ್ಲಿ ಕಪ್ಪು ಪುಡಿ, ಟಿಎಲ್‌ಸಿಯಲ್ಲಿ (ಸಿಲಿಕಾ ಹಾಳೆಯ ಮೇಲೆ ವಸ್ತುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಬ್ರೋಮೈಡ್ ಹಾಗೇ ಕೂತಿದೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಯ ಮೊದಲ ವರ್ಷದಲ್ಲಿರುವವರು ಮತ್ತೆ ಮತ್ತೆ ಹೇಳುವ ಕಥೆ ಇದು. ಮಾರನೇ ಸಲ ಅವರು ತಾಪಮಾನ ಏರಿಸುತ್ತಾರೆ, ಇಲ್ಲವೇ ಪಲ್ಲಾಡಿಯಂ ಜಾಸ್ತಿ ಹಾಕುತ್ತಾರೆ. ಫಲಿತಾಂಶ ಮಾತ್ರ ಅದೇ.

ಈ ರಿಯಾಕ್ಷನ್ ಹೆಚ್ಚಾಗಿ ಕೆಡುವುದು ಆಯಿಲ್ ಬಾತ್‌ಗೆ ಇಳಿಸುವ ಮೊದಲೇ. ಬಾಟಲಿಯಲ್ಲಿರುವ ಫಾಸ್ಫೀನ್ ಆಕ್ಸೈಡ್ ಹಳತಾಗಿರುತ್ತದೆ. ಸಾಲ್ವೆಂಟ್‌ನಲ್ಲಿ ಗಾಳಿ ಉಳಿದಿರುತ್ತದೆ. ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಸುರಿದಿರುತ್ತಾರೆ. ಹಾಗಾಗಿ ಕೆಳಗಿನ ವಿವರದಲ್ಲಿ ದೊಡ್ಡ ಭಾಗ ಬಿಸಿ ಮಾಡುವ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಉದಾಹರಣೆಗೆ ಒಂದೇ ರಿಯಾಕ್ಷನ್ ತೆಗೆದುಕೊಳ್ಳೋಣ: 4-ಬ್ರೋಮೊಟೊಲ್ಯೂಯಿನ್ ಮತ್ತು ಡೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಸೇರಿ ಡೈಫಿನೈಲ್(ಪ್ಯಾರಾ-ಟಾಲೈಲ್)ಫಾಸ್ಫೀನ್ ಆಕ್ಸೈಡ್ ಆಗುವುದು. ಫಾಸ್ಫೀನ್ ಲಿಗಂಡ್‌ಗಳನ್ನು (ಲೋಹಕ್ಕೆ ಅಂಟಿ ಅದನ್ನು ಹಿಡಿದಿಡುವ ಅಣುಗಳನ್ನು) ಮಾಡುವಾಗ ದಿನವೂ ಎದುರಾಗುವ ಹೆಜ್ಜೆ ಇದು. ಇಲ್ಲಿ ಕೈ ಕುದುರಿದರೆ ಬೇರೆ ಬ್ರೋಮೈಡ್‌ಗಳಿಗೆ ಹೋಗುವುದು ಕಷ್ಟವಲ್ಲ.

## ಮೊದಲು ತಿಳಿದಿರಬೇಕಾದ ಒಂದು ವಿಷಯ

ಡೈಫಿನೈಲ್‌ಫಾಸ್ಫೀನ್ ಆಕ್ಸೈಡ್‌ಗೆ ಎರಡು ರೂಪ ಇದೆ. ಬಾಟಲಿಯಲ್ಲಿ ಇರುವಾಗ ಹೈಡ್ರೋಜನ್ ನೇರವಾಗಿ ರಂಜಕದ ಮೇಲೆ ಇರುತ್ತದೆ. ದ್ರಾವಣದಲ್ಲಿ ಸ್ವಲ್ಪ ಭಾಗ ಮಾತ್ರ ಆ ಹೈಡ್ರೋಜನ್ನನ್ನು ಆಕ್ಸಿಜನ್‌ಗೆ ಕೊಟ್ಟು ಇನ್ನೊಂದು ರೂಪಕ್ಕೆ ತಿರುಗುತ್ತದೆ. ಆಗ ರಂಜಕದ ಮೇಲೆ ಒಂದು ಜೋಡಿ ಎಲೆಕ್ಟ್ರಾನ್ ಯಾವ ಬಂಧಕ್ಕೂ ಸೇರದೆ ಉಳಿಯುತ್ತದೆ. ಈ ಎರಡನೇ ರೂಪ ಪಲ್ಲಾಡಿಯಂಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ನಮಗೆ ಅದು ಅಂಟಬೇಕು. ಅಂಟಿದರೆ ತಾನೇ ಅರೈಲ್ ಗುಂಪಿನ ಪಕ್ಕ ಬಂದು ಬಂಧ ಕಟ್ಟುವುದು. ಆದರೆ ಅಂಟುವ ಹೊತ್ತಿಗೆ ಪಲ್ಲಾಡಿಯಂ ಮೇಲೆ ಸರಿಯಾದ ಲಿಗಂಡ್ ಕೂತಿರಬೇಕು. ಲಿಗಂಡ್ ಕೂರುವ ಮೊದಲೇ 20 ಪಟ್ಟಿಗಿಂತ ಜಾಸ್ತಿ ಇರುವ ಫಾಸ್ಫೀನ್ ಆಕ್ಸೈಡ್ ಒಳಗೆ ಬಂದರೆ ಪಲ್ಲಾಡಿಯಂನ ಎಲ್ಲ ಜಾಗವನ್ನೂ ಅದೇ ಹಿಡಿಯುತ್ತದೆ. ಬ್ರೋಮೈಡ್‌ಗೆ ಒಳಗೆ ಬರಲು ದಾರಿಯೇ ಇರುವುದಿಲ್ಲ. ಅಂದರೆ ರಿಯಾಕ್ಷನ್‌ಗೆ ಬೇಕಾದ ವಸ್ತುವೇ ಕ್ಯಾಟಲಿಸ್ಟ್‌ಗೆ ವಿಷವೂ ಆಗುತ್ತದೆ. ಹಾಕುವ ಕ್ರಮಕ್ಕೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಕ್ಯಾಟಲಿಸ್ಟ್ ಮತ್ತೆ ಮತ್ತೆ ಸುತ್ತುವ ಚಕ್ರದ ಉಳಿದ ಭಾಗ ಇಷ್ಟೇ. ಪಲ್ಲಾಡಿಯಂ ಝೀರೊ (ಚಾರ್ಜ್ ಇಲ್ಲದ ಪಲ್ಲಾಡಿಯಂ) ಬ್ರೋಮೈಡ್‌ನ ಒಳಗೆ ನುಗ್ಗುತ್ತದೆ, ಫಾಸ್ಫೀನ್ ಆಕ್ಸೈಡ್ ಬಂದು ಕೂರುತ್ತದೆ, ಬೇಸ್ ಅದರ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಕೊನೆಗೆ ಅರೈಲ್ ಮತ್ತು ರಂಜಕ ಸೇರಿ ಹೊರಗೆ ಬರುತ್ತವೆ.

## ಬೇಕಾದ ಸಾಮಾನು

1 ಮಿಲಿಮೋಲ್ ಅಳತೆಗೆ:

- 4-ಬ್ರೋಮೊಟೊಲ್ಯೂಯಿನ್: 171 ಮಿಗ್ರಾಂ (1.0 ಮಿಲಿಮೋಲ್)
- ಡೈಫಿನೈಲ್‌ಫಾಸ್ಫೀನ್ ಆಕ್ಸೈಡ್: 243 ಮಿಗ್ರಾಂ (1.2 ಮಿಲಿಮೋಲ್)
- ಪಲ್ಲಾಡಿಯಂ ಅಸಿಟೇಟ್: 11.2 ಮಿಗ್ರಾಂ (0.05 ಮಿಲಿಮೋಲ್)
- ಡಿಪಿಪಿಪಿ, ಅಂದರೆ 1,3-ಬಿಸ್(ಡೈಫಿನೈಲ್‌ಫಾಸ್ಫಿನೊ)ಪ್ರೊಪೇನ್: 41 ಮಿಗ್ರಾಂ (0.10 ಮಿಲಿಮೋಲ್)
- ಡೈಐಸೊಪ್ರೊಪೈಲ್‌ಈಥೈಲ್‌ಅಮೀನ್ (ಇದೇ ಬೇಸ್, ಮುಂದೆ ಬರೀ ಅಮೀನ್): 0.35 ಮಿಲೀ (2.0 ಮಿಲಿಮೋಲ್)
- ಒಣಗಿದ ಡಿಎಂಎಸ್‌ಒ, ಅಂದರೆ ಡೈಮೀಥೈಲ್ ಸಲ್ಫಾಕ್ಸೈಡ್ (ಇದೇ ಸಾಲ್ವೆಂಟ್): ಒಟ್ಟು 4 ಮಿಲೀ

ಗಾಜಿನ ಸಾಮಾನಿನಲ್ಲಿ ಟೆಫ್ಲಾನ್ ಕೀಲಿಯ ಶ್ಲೆಂಕ್ ಟ್ಯೂಬ್ (ಗಾಳಿ ತೆಗೆದು ನೈಟ್ರೋಜನ್ ತುಂಬಬಹುದಾದ ಟ್ಯೂಬ್) ಒಂದು, ಸೆಪ್ಟಮ್ (ಸೂಜಿ ಚುಚ್ಚಬಹುದಾದ ರಬ್ಬರ್ ಮುಚ್ಚಳ) ಇರುವ ಚಿಕ್ಕ ವಯಲ್ ಎರಡು, ಉದ್ದ ಸೂಜಿ, ಸಿರಿಂಜ್‌ಗಳು ಬೇಕು. ವ್ಯಾಕ್ಯೂಮ್–ನೈಟ್ರೋಜನ್ ಲೈನ್ ಬೇಕೇ ಬೇಕು. ಬಲೂನ್ ಒಂದನ್ನೇ ನಂಬಿ ರಾತ್ರಿಯಿಡೀ ಬಿಡಬೇಡಿ. ರಬ್ಬರ್ ಮೂಲಕ ಆಕ್ಸಿಜನ್ ನಿಧಾನವಾಗಿ ಒಳಗೆ ಬರುತ್ತಲೇ ಇರುತ್ತದೆ. ಸಂಜೆ ಚೆನ್ನಾಗಿದ್ದ ಬಣ್ಣ ಬೆಳಿಗ್ಗೆ ಕಪ್ಪಾಗಲು ಅಷ್ಟು ಸಾಕು.

ಡಿಪಿಪಿಪಿ ಇಷ್ಟೊಂದು ಯಾಕೆ ಅಂತ ಕೇಳಬಹುದು. ಪಲ್ಲಾಡಿಯಂ ಅಸಿಟೇಟ್‌ನಲ್ಲಿ ಇರುವುದು ಪಲ್ಲಾಡಿಯಂ ಟೂ, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಪಲ್ಲಾಡಿಯಂ. ಅದು ಝೀರೊ ಆಗಬೇಕಾದರೆ ಯಾರಾದರೂ ಎಲೆಕ್ಟ್ರಾನ್ ಕೊಡಬೇಕು. ಲಿಗಂಡ್‌ನ ಒಂದು ರಂಜಕ ಆ ಕೆಲಸ ಮಾಡಿ ತಾನು ಆಕ್ಸೈಡ್ ಆಗಿಬಿಡುತ್ತದೆ. ಒಂದು ಪಲ್ಲಾಡಿಯಂಗೆ ಒಂದೇ ಡಿಪಿಪಿಪಿ ಲೆಕ್ಕದಲ್ಲಿ ಹಾಕಿದರೆ, ಎರಡೂ ಕೈಯಲ್ಲಿ ಹಿಡಿಯುವ ಲಿಗಂಡ್ ತೀರಾ ಕಡಿಮೆ ಬೀಳಬಹುದು. ಎರಡು ಹಾಕಿದರೆ ಒಂದು ಹೋದರೂ ಒಂದು ಉಳಿಯುತ್ತದೆ. ಹಾಗಂತ ನಾಲ್ಕು ಹಾಕಬೇಡಿ. ಎರಡು ಡಿಪಿಪಿಪಿ ಒಂದೇ ಪಲ್ಲಾಡಿಯಂ ಮೇಲೆ ಕೂತರೂ ರಿಯಾಕ್ಷನ್ ತೂಕಡಿಸುತ್ತದೆ.

ಟ್ರೈಫಿನೈಲ್‌ಫಾಸ್ಫೀನ್ ಮಾತ್ರ ಇಲ್ಲಿ ಬೇಡ. ಎಲ್ಲ ಲ್ಯಾಬ್‌ನಲ್ಲೂ ಇದೆ, ಅಗ್ಗ, ನಿಜ. ಆದರೆ ಅದು ಆಕ್ಸೈಡ್ ಆದರೆ ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಆಗುತ್ತದೆ. ನಮ್ಮ ಪ್ರಾಡಕ್ಟ್‌ಗೂ ಅದಕ್ಕೂ ಒಂದೇ ಒಂದು ಮೀಥೈಲ್ ವ್ಯತ್ಯಾಸ. ಕಾಲಮ್‌ನಲ್ಲಿ (ಸಿಲಿಕಾ ತುಂಬಿದ ಕೊಳವೆಯಲ್ಲಿ ಬೇರ್ಪಡಿಸುವಾಗ) ಎರಡೂ ಒಟ್ಟಿಗೇ ಇಳಿಯುತ್ತವೆ, ರಂಜಕ ಎನ್‌ಎಂಆರ್‌ನಲ್ಲೂ (ಕಾಂತಕ್ಷೇತ್ರದಲ್ಲಿ ರಂಜಕದ ಸಿಗ್ನಲ್ ಎಲ್ಲಿ ಬರುತ್ತದೆ ಅಂತ ನೋಡುವ ಪರೀಕ್ಷೆ) ಎರಡೂ 29 ಪಿಪಿಎಂ ಆಸುಪಾಸಿನಲ್ಲೇ ಬರುತ್ತವೆ. ಇದರ ಮೇಲೆ, ಬಿಸಿಯಲ್ಲಿ ಪಲ್ಲಾಡಿಯಂ ಮೇಲಿನ ಟಾಲೈಲ್ ಗುಂಪು ಲಿಗಂಡ್‌ನ ಫಿನೈಲ್ ಜೊತೆ ಜಾಗ ಬದಲಾಯಿಸಿಕೊಳ್ಳುವುದೂ ಉಂಟು. ಆಮೇಲೆ ಎಷ್ಟು ಕಾಲಮ್ ಹಾಕಿದರೂ ಶುದ್ಧ ಆಗುವುದಿಲ್ಲ.

## ಹಂತ 1: ಫಾಸ್ಫೀನ್ ಆಕ್ಸೈಡ್ ಬಾಟಲಿಯನ್ನು ಪರೀಕ್ಷಿಸಿ

ತೂಕ ಮಾಡುವ ಮುಂಚೆ ಒಂದು ಚಿಟಿಕೆ ತೆಗೆದು ರಂಜಕ ಎನ್‌ಎಂಆರ್‌ಗೆ ಕೊಡಿ. ಇದನ್ನು ಬಿಟ್ಟವರೇ ಜಾಸ್ತಿ.

ಒಳ್ಳೆಯ ಡೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಬಿಳಿ ಪುಡಿ, ಸುಮಾರು 53–56 ಡಿಗ್ರಿಯಲ್ಲಿ ಕರಗುತ್ತದೆ. ಕ್ಲೋರೋಫಾರ್ಮ್-ಡಿಯಲ್ಲಿ ಅದರ ಸಿಗ್ನಲ್ 21–23 ಪಿಪಿಎಂ ಹತ್ತಿರ ಬರುತ್ತದೆ. ಗಾಳಿ ತಾಗಿದರೆ ಅದು ಡೈಫಿನೈಲ್‌ಫಾಸ್ಫಿನಿಕ್ ಆಸಿಡ್ ಆಗುತ್ತದೆ, ಅದರ ಸಿಗ್ನಲ್ 33 ಪಿಪಿಎಂ ಹತ್ತಿರ. ಆಸಿಡ್‌ನ ಕರಗುವ ಬಿಂದು 190 ಡಿಗ್ರಿಗಿಂತ ಮೇಲೆ. ಪುಡಿಯ ಸ್ವಲ್ಪ ಭಾಗ 60 ಡಿಗ್ರಿ ದಾಟಿದರೂ ಕರಗದೆ ಉಳಿದರೆ ಅನುಮಾನ ಪಡಿ.

ಆಸಿಡ್ ಸೇರಿದ್ದರೆ ಎರಡು ತೊಂದರೆ. ನೀವು 1.2 ಇಕ್ವಿವಲೆಂಟ್ ಅಂದುಕೊಂಡದ್ದು ನಿಜಕ್ಕೂ 0.9 ಇರಬಹುದು. ಜೊತೆಗೆ ಆ ಆಸಿಡ್ ನಿಮ್ಮ ಬೇಸನ್ನು ತಿನ್ನುತ್ತದೆ.

ಸರಿಮಾಡುವುದು ಸುಲಭ. ಪುಡಿಯನ್ನು ಡೈಕ್ಲೋರೊಮೀಥೇನ್‌ನಲ್ಲಿ ಕರಗಿಸಿ, ತಣ್ಣಗಿನ ಸೋಡಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ಬೇಗ ಎರಡು ಸಲ ತೊಳೆಯಿರಿ. ಆಸಿಡ್ ನೀರಿಗೆ ಹೋಗುತ್ತದೆ, ಫಾಸ್ಫೀನ್ ಆಕ್ಸೈಡ್ ಮೇಲಿನ ಸಾಲ್ವೆಂಟ್‌ನಲ್ಲೋ ಕೆಳಗಿನದರಲ್ಲೋ ಅಂತ ಗೊಂದಲ ಬೇಡ: ಡೈಕ್ಲೋರೊಮೀಥೇನ್ ಕೆಳಗಿರುತ್ತದೆ, ನಿಮಗೆ ಬೇಕಾದದ್ದು ಅದರಲ್ಲೇ ಇದೆ. ಒಣಗಿಸಿ, ರೋಟಾದಲ್ಲಿ (ರೋಟರಿ ಇವಾಪೊರೇಟರ್) ಕಡಿಮೆ ಬಿಸಿಯಲ್ಲಿ ಸಾಲ್ವೆಂಟ್ ತೆಗೆದು, ವ್ಯಾಕ್ಯೂಮ್‌ನಲ್ಲಿ ಬಿಡಿ. ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ ಮುಟ್ಟಬೇಡಿ. ತೀವ್ರ ಬೇಸ್ ಸಿಕ್ಕರೆ ಈ ವಸ್ತುವೇ ಒಡೆಯುತ್ತದೆ. ಶುದ್ಧ ಮಾಡಿದ್ದನ್ನು ನೈಟ್ರೋಜನ್ ಕೆಳಗೆ ಫ್ರಿಜ್‌ನಲ್ಲಿ ಇಡಿ.

## ಹಂತ 2: ಸಾಲ್ವೆಂಟ್ ಮತ್ತು ಬೇಸ್‌ನಿಂದ ಗಾಳಿ ತೆಗೆಯಿರಿ

ನೀರು ಸ್ವಲ್ಪ ಇದ್ದರೆ ಈ ರಿಯಾಕ್ಷನ್ ಸಹಿಸಿಕೊಳ್ಳುತ್ತದೆ, ಗಾಳಿಯನ್ನು ಸಹಿಸುವುದಿಲ್ಲ. ಇಡೀ ದಿನ ಸಾಲ್ವೆಂಟ್ ಒಣಗಿಸಿ, ಕೊನೆಗೆ ಎರಡು ನಿಮಿಷ ನೈಟ್ರೋಜನ್ ಬಿಟ್ಟು ಮುಗಿಸುವವರನ್ನು ನೋಡಿದರೆ ಬೇಸರವಾಗುತ್ತದೆ. ಶ್ರಮ ತಪ್ಪು ಕಡೆ ಹೋಗಿದೆ.

ಡಿಎಂಎಸ್‌ಒವನ್ನು ಉದ್ದ ಸೂಜಿ ಇಟ್ಟು, ಸೂಜಿಯ ತುದಿ ತಳ ಮುಟ್ಟುವ ಹಾಗೆ, 20–30 ನಿಮಿಷ ನೈಟ್ರೋಜನ್ ಹಾಯಿಸಿ. ಹೊರಗೆ ಹೋಗಲು ಇನ್ನೊಂದು ಚಿಕ್ಕ ಸೂಜಿ ಇರಲಿ. ಗುಳ್ಳೆ ನಿಧಾನವಾಗಿ, ಒಂದೇ ಸಮನೆ ಬರಬೇಕು. ಸೂಜಿಯ ತುದಿ ದ್ರವದ ಮೇಲೆ ಇದ್ದರೆ ನೀವು ಮಾಡುತ್ತಿರುವುದು ಸುಮ್ನೆ ಬಾಟಲಿಯ ಕುತ್ತಿಗೆಗೆ ನೈಟ್ರೋಜನ್ ಊದುವ ಕೆಲಸ. ಅಮೀನ್‌ಗೂ ಹೀಗೇ ಮಾಡಿ, ಆದರೆ ಹತ್ತು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಆವಿಯಾಗಿ ಹೋಗುತ್ತದೆ.

ಡಿಎಂಎಸ್‌ಒ 18.5 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿ ತೆಗೆದರೆ ಅರ್ಧ ಹರಳಾಗಿ ಕೂತಿರುವುದು ಕಾಣುತ್ತದೆ. ಅದು ಕೆಟ್ಟಿದೆ ಅಂತ ಅಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಪೂರ್ತಿ ಕರಗಿಸಿ, ಆಮೇಲೆ ನೈಟ್ರೋಜನ್ ಹಾಯಿಸಿ. ಅರ್ಧ ಕರಗಿದಾಗಲೇ ಮಾಡಿದರೆ ಹರಳಿನೊಳಗೆ ಸಿಕ್ಕಿಕೊಂಡ ಗಾಳಿ ಹಾಗೇ ಉಳಿಯುತ್ತದೆ.

ಎಚ್ಚರಿಕೆ: ಡಿಎಂಎಸ್‌ಒ ಚರ್ಮದ ಮೂಲಕ ಬೇಗ ಒಳಗೆ ಹೋಗುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ. ಕೈಗವಸಿನ ಮೇಲೆ ಬಿದ್ದರೆ ಆ ಕೂಡಲೇ ಬದಲಾಯಿಸಿ. ಎಲ್ಲ ಕೆಲಸವೂ ಹುಡ್ ಒಳಗೆ, ಕನ್ನಡಕ ಹಾಕಿಕೊಂಡೇ ಆಗಬೇಕು.

## ಹಂತ 3: ತೂಕ ಮಾಡಿ, ಬೇರೆ ಬೇರೆ ಇಡಿ

ಪಲ್ಲಾಡಿಯಂ ಅಸಿಟೇಟ್ ಮತ್ತು ಡಿಪಿಪಿಪಿ ನೇರವಾಗಿ ಶ್ಲೆಂಕ್ ಟ್ಯೂಬ್‌ಗೆ. ಬ್ರೋಮೈಡ್ ಒಂದು ವಯಲ್‌ಗೆ, ಫಾಸ್ಫೀನ್ ಆಕ್ಸೈಡ್ ಇನ್ನೊಂದಕ್ಕೆ. ಎಲ್ಲವನ್ನೂ ಒಂದೇ ಟ್ಯೂಬ್‌ಗೆ ಸುರಿಯುವ ಆಸೆ ಬರುತ್ತದೆ. ಬೇಡ.

11 ಮಿಗ್ರಾಂ ಪಲ್ಲಾಡಿಯಂ ಅಸಿಟೇಟ್‌ನಲ್ಲಿ ಎರಡು ಮಿಗ್ರಾಂ ಕಾಗದಕ್ಕೆ ಅಂಟಿಕೊಂಡರೂ ಲಿಗಂಡ್‌ನ ಲೆಕ್ಕ ತಪ್ಪುತ್ತದೆ. ಟ್ಯೂಬನ್ನೇ ತಕ್ಕಡಿಯ ಮೇಲೆ ಇಟ್ಟು ತೂಕ ಮಾಡಿ. ಕುತ್ತಿಗೆಗೆ ಅಂಟಿದ ಪುಡಿಯನ್ನು ಆಮೇಲೆ ಸಾಲ್ವೆಂಟ್‌ನಲ್ಲಿ ತೊಳೆದು ಕೆಳಗೆ ಇಳಿಸಿ.

4-ಬ್ರೋಮೊಟೊಲ್ಯೂಯಿನ್ 26–29 ಡಿಗ್ರಿಯಲ್ಲಿ ಕರಗುತ್ತದೆ. ಧಾರವಾಡದ ಜನವರಿಯಲ್ಲಿ ಅದು ಹರಳು, ಮಂಗಳೂರಿನ ಏಪ್ರಿಲ್‌ನಲ್ಲಿ ಎಣ್ಣೆ. ಬಾಟಲಿಯಲ್ಲಿ ಅರ್ಧ ಹೀಗೆ ಅರ್ಧ ಹಾಗೆ ಇದ್ದರೆ ಪೂರ್ತಿ ಕರಗಿಸಿ, ಅಲುಗಾಡಿಸಿ, ಆಮೇಲೆ ತೆಗೆಯಿರಿ. ಕಲ್ಮಶ ಎಲ್ಲ ದ್ರವ ಭಾಗದಲ್ಲೇ ಸೇರಿಕೊಂಡಿರುತ್ತದೆ.

ಟ್ಯೂಬ್‌ಗೂ ಫಾಸ್ಫೀನ್ ಆಕ್ಸೈಡ್ ಇರುವ ವಯಲ್‌ಗೂ ವ್ಯಾಕ್ಯೂಮ್ ಕೊಟ್ಟು ನೈಟ್ರೋಜನ್ ತುಂಬಿ, ಹೀಗೆ ಮೂರು ಸಲ. ವ್ಯಾಕ್ಯೂಮನ್ನು ನಿಧಾನವಾಗಿ ತೆರೆಯಿರಿ, ಇಲ್ಲವಾದರೆ ಪುಡಿ ಹಾರಿ ಲೈನ್‌ಗೆ ಹೋಗುತ್ತದೆ. ಬ್ರೋಮೈಡ್ ಇರುವ ವಯಲ್‌ಗೆ ಮಾತ್ರ ವ್ಯಾಕ್ಯೂಮ್ ಬೇಡ. ಅದು ಆವಿಯಾಗುವ ವಸ್ತು, ಗೊತ್ತಾಗದ ಹಾಗೆ ಕಡಿಮೆಯಾಗುತ್ತದೆ. ನೈಟ್ರೋಜನ್ ಹಾಯಿಸಿದರೆ ಸಾಕು.

## ಹಂತ 4: ಹಾಕುವ ಕ್ರಮ

ಇಲ್ಲಿ ಅವಸರ ಮಾಡಬೇಡಿ.

1. ಶ್ಲೆಂಕ್ ಟ್ಯೂಬ್‌ಗೆ 2 ಮಿಲೀ ಡಿಎಂಎಸ್‌ಒ ಹಾಕಿ. ಕೋಣೆಯ ಉಷ್ಣತೆಯಲ್ಲಿ 15 ನಿಮಿಷ ಕಲಕಿ. ಪಲ್ಲಾಡಿಯಂ ಅಸಿಟೇಟ್‌ನ ಕಂದು ಕಣಗಳು ಕಾಣದ ಹಾಗೆ ಕರಗಬೇಕು. ಕಣ ಉಳಿದಿದ್ದರೆ ಇನ್ನೂ ಐದು ನಿಮಿಷ ಕೊಡಿ.

2. ಅಮೀನ್ ಹಾಕಿ.

3. ಬ್ರೋಮೈಡನ್ನು 1 ಮಿಲೀ ಡಿಎಂಎಸ್‌ಒದಲ್ಲಿ ಕರಗಿಸಿ, ಸಿರಿಂಜ್‌ನಿಂದ ಹಾಕಿ.

4. ಫಾಸ್ಫೀನ್ ಆಕ್ಸೈಡ್ ಕಟ್ಟಕಡೆಗೆ. ಉಳಿದ 1 ಮಿಲೀಯಲ್ಲಿ ಕರಗಿಸಿ, ಹನಿಹನಿಯಾಗಿ, ಕಲಕುತ್ತಲೇ ಹಾಕಿ.

ಈ ಹೊತ್ತಿಗೆ ಪಲ್ಲಾಡಿಯಂ ಮೇಲೆ ಡಿಪಿಪಿಪಿ ಕೂತಾಗಿದೆ, ಬ್ರೋಮೈಡ್ ಪಕ್ಕದಲ್ಲೇ ಇದೆ. ಈಗ ಬರುವ ಫಾಸ್ಫೀನ್ ಆಕ್ಸೈಡ್‌ಗೆ ಎಲ್ಲ ಜಾಗವನ್ನೂ ಕಬಳಿಸಲು ಆಗುವುದಿಲ್ಲ. ಎಲ್ಲವನ್ನೂ ಒಮ್ಮೆಲೇ ಹಾಕಿದರೂ ಕೆಲವು ಬ್ರೋಮೈಡ್‌ಗಳು ನಡೆದುಬಿಡುತ್ತವೆ. ಆದರೆ ಒಂದು ಸಲ ನಡೆದು ಇನ್ನೊಂದು ಸಲ ನಡೆಯದಿರುವ ರಿಯಾಕ್ಷನ್ ಇಟ್ಟುಕೊಂಡು ಏನು ಮಾಡುವುದು? ಅಳತೆ ದೊಡ್ಡದಾದಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಸೂಜಿ ಚುಚ್ಚಿ ಚುಚ್ಚಿ ಸೆಪ್ಟಮ್ ಸಡಿಲವಾಗಿರುತ್ತದೆ. ಎಲ್ಲ ಹಾಕಿದ ಮೇಲೆ ನೈಟ್ರೋಜನ್ ಹರಿಯುತ್ತಿರುವಾಗಲೇ ಸೆಪ್ಟಮ್ ತೆಗೆದು ಗಟ್ಟಿ ಮುಚ್ಚಳ ಹಾಕಿ. ಟ್ಯೂಬ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇರಲಿ. ಮುಚ್ಚಿದ ಟ್ಯೂಬ್ ಕಾಯಿಸುವಾಗ ಹುಡ್‌ನ ಗಾಜು ಇಳಿಸಿರಬೇಕು.

## ಹಂತ 5: ಬಿಸಿ

ಆಯಿಲ್ ಬಾತ್ 100 ಡಿಗ್ರಿ. ಹಾಟ್‌ಪ್ಲೇಟ್‌ನ ಮುಖದ ಮೇಲೆ ಕಾಣುವ ಸಂಖ್ಯೆಯನ್ನು ನಂಬದೆ ಎಣ್ಣೆಯೊಳಗೆ ಥರ್ಮಾಮೀಟರ್ ಇಡಿ. ಒಳಗಿನ ದ್ರವದ ಮಟ್ಟ ಎಣ್ಣೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇದ್ದರೆ ಸರಿ. 12ರಿಂದ 16 ಗಂಟೆ ಬೇಕಾಗುತ್ತದೆ.

ತಾಪಮಾನ 130ಕ್ಕೆ ಏರಿಸಿದರೆ ಬೇಗ ಮುಗಿಯುತ್ತದೆ ಅನ್ನುವ ಯೋಚನೆ ಬಿಡಿ. ಜಾಸ್ತಿ ಬಿಸಿಯಲ್ಲಿ ಫಾಸ್ಫೀನ್ ಆಕ್ಸೈಡ್ ತನ್ನಷ್ಟಕ್ಕೇ ಎರಡಾಗಿ ಒಡೆಯುತ್ತದೆ: ಒಂದು ಡೈಫಿನೈಲ್‌ಫಾಸ್ಫೀನ್, ಇನ್ನೊಂದು ಡೈಫಿನೈಲ್‌ಫಾಸ್ಫಿನಿಕ್ ಆಸಿಡ್. ಮೊದಲನೆಯದು ಪಲ್ಲಾಡಿಯಂಗೆ ಅಂಟುತ್ತದೆ, ಎರಡನೆಯದು ಬೇಸ್ ತಿನ್ನುತ್ತದೆ. ಎರಡೂ ನಿಮಗೆ ನಷ್ಟ.

ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಿ. ಹಳದಿಯಿಂದ ಕಿತ್ತಳೆ, ಕೆಂಪು ಕಂದು ಬಣ್ಣದವರೆಗೆ ಏನೇ ಆದರೂ ದ್ರಾವಣ ತಿಳಿಯಾಗಿದ್ದರೆ ಚಿಂತೆ ಬೇಡ. ಗಾಜಿನ ಗೋಡೆಗೆ ಕನ್ನಡಿಯ ಹಾಗೆ ಹೊಳಪು ಬಂದರೆ, ಇಲ್ಲವೇ ಮ್ಯಾಗ್ನೆಟ್ ಸುತ್ತ ಕಪ್ಪು ಕಣ ಸೇರಿದರೆ ಅದು ಪಲ್ಲಾಡಿಯಂ ಬ್ಲ್ಯಾಕ್. ಅರ್ಧ ಗಂಟೆಯಲ್ಲೇ ಅದು ಕಂಡರೆ ರಿಯಾಕ್ಷನ್ ಕೆಟ್ಟಿತು ಅಂದುಕೊಳ್ಳಿ. ಮೇಲಿನಿಂದ ಇನ್ನಷ್ಟು ಪಲ್ಲಾಡಿಯಂ ಸುರಿದು ಉಳಿಸಲು ಹೋಗಬೇಡಿ. ಗಾಳಿ ಎಲ್ಲಿಂದ ಬಂತು ಅಂತ ಹುಡುಕಿ. ರಿಯಾಕ್ಷನ್ ಪೂರ್ತಿ ಆದ ಮೇಲೆ ಕಡೆಯಲ್ಲಿ ಸ್ವಲ್ಪ ಕಪ್ಪು ಬಂದರೆ ಅದು ಬೇರೆ ವಿಷಯ. ಬ್ರೋಮೈಡ್ ಖಾಲಿಯಾದಾಗ ಹಾಗಾಗುವುದು ಸಾಮಾನ್ಯ.

## ಹಂತ 6: ನಡುವೆ ನೋಡುವುದು ಹೇಗೆ

ಟಿಎಲ್‌ಸಿ ನಿಮಗೆ ಬ್ರೋಮೈಡ್ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಫಾಸ್ಫೀನ್ ಆಕ್ಸೈಡ್‌ಗಳೆಲ್ಲ ಸಿಲಿಕಾ ಮೇಲೆ ಬಾಲ ಬಿಟ್ಟುಕೊಂಡು ಓಡುತ್ತವೆ, ಡಿಎಂಎಸ್‌ಒ ಇದ್ದರಂತೂ ಸ್ಪಾಟ್ ಇನ್ನೂ ಹರಡುತ್ತದೆ. ನಿಜವಾದ ಉತ್ತರ ಬೇಕಾದರೆ ರಂಜಕ ಎನ್‌ಎಂಆರ್ ನೋಡಬೇಕು.

ಬಿಸಿ ಶುರುವಾಗಿ 2 ಗಂಟೆ ಆದಾಗ ಒಂದು ಸಲ, 6 ಗಂಟೆ ಆದಾಗ ಇನ್ನೊಂದು ಸಲ ಸ್ಯಾಂಪಲ್ ತೆಗೆಯಿರಿ. ಟ್ಯೂಬನ್ನು ಎಣ್ಣೆಯಿಂದ ಎತ್ತಿ, ಆರಿದ ಮೇಲೆ, ನೈಟ್ರೋಜನ್ ಹರಿಯುವಾಗ 0.1 ಮಿಲೀ ತೆಗೆದು, ನೇರವಾಗಿ ಎನ್‌ಎಂಆರ್ ಟ್ಯೂಬ್‌ಗೆ ಹಾಕಿ ಡಿಎಂಎಸ್‌ಒ-ಡಿ6 ಸೇರಿಸಿದರೆ ಸಾಕು. ವರ್ಕ್‌ಅಪ್ (ಸೋಸಿ, ತೊಳೆದು ಪ್ರಾಡಕ್ಟ್ ಬೇರೆ ಮಾಡುವ ಕೆಲಸ) ಮಾಡಬೇಕಾಗಿಲ್ಲ.

ಎರಡು ಸ್ಪೆಕ್ಟ್ರಮ್ ಕೇಳಿ: ಒಂದು ಪ್ರೋಟಾನ್ ಡಿಕಪಲ್ ಮಾಡಿದ್ದು (ಹೈಡ್ರೋಜನ್‌ನಿಂದಾಗುವ ಸೀಳನ್ನು ಅಳಿಸಿದ್ದು), ಇನ್ನೊಂದು ಮಾಡದೆ ಇದ್ದದ್ದು. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಎಡವುವುದು ಅಲ್ಲೇ. ಅಮೀನ್ ಇರುವಾಗ ಡೈಫಿನೈಲ್‌ಫಾಸ್ಫಿನಿಕ್ ಆಸಿಡ್ ಉಪ್ಪಾಗಿ ಇರುತ್ತದೆ. ಆಗ ಅದರ ಸಿಗ್ನಲ್ 33ರಲ್ಲಿ ಇರದೆ ಕೆಳಗೆ ಜಾರಿ 20ರ ಕಡೆಗೆ ಬರಬಹುದು. ಡಿಕಪಲ್ ಮಾಡಿದ ಸ್ಪೆಕ್ಟ್ರಮ್‌ನಲ್ಲಿ ಅದನ್ನು ನೋಡಿದವರು "ಸ್ಟಾರ್ಟಿಂಗ್ ಮೆಟೀರಿಯಲ್ ಇನ್ನೂ ಇದೆ, ಇನ್ನೊಂದು ದಿನ ಬಿಡೋಣ" ಅಂದುಕೊಳ್ಳುತ್ತಾರೆ. ಡಿಕಪಲ್ ಮಾಡದ ಸ್ಪೆಕ್ಟ್ರಮ್‌ನಲ್ಲಿ ಮೋಸಕ್ಕೆ ಜಾಗವಿಲ್ಲ. ರಂಜಕದ ಮೇಲೆ ಹೈಡ್ರೋಜನ್ ಇದ್ದರೆ ಸಿಗ್ನಲ್ ಸುಮಾರು 480 ಹರ್ಟ್ಸ್ ಅಂತರದಲ್ಲಿ ಎರಡಾಗಿ ಸೀಳುತ್ತದೆ. 400 ಮೆಗಾಹರ್ಟ್ಸ್ ಯಂತ್ರದಲ್ಲಿ ಅದು ಹತ್ತಿರ ಹತ್ತಿರ 3 ಪಿಪಿಎಂ ಅಂತರ. ಸೀಳಿದರೆ ಸ್ಟಾರ್ಟಿಂಗ್ ಮೆಟೀರಿಯಲ್, ಸೀಳದಿದ್ದರೆ ಆಸಿಡ್.

ಏನೇನು ಎಲ್ಲಿ ಕಾಣುತ್ತದೆ (ಸಾಲ್ವೆಂಟ್ ಬದಲಾದರೆ ಕೆಲವು ಪಿಪಿಎಂ ಆಚೀಚೆ ಆಗುತ್ತದೆ):

- 29ರ ಹತ್ತಿರ, ಸೀಳದ ಸಿಗ್ನಲ್: ನಿಮ್ಮ ಪ್ರಾಡಕ್ಟ್
- 20ರ ಆಸುಪಾಸು, 480 ಹರ್ಟ್ಸ್ ಸೀಳು: ಉಳಿದಿರುವ ಫಾಸ್ಫೀನ್ ಆಕ್ಸೈಡ್
- −17ರ ಹತ್ತಿರ: ಪಲ್ಲಾಡಿಯಂ ಬಿಟ್ಟು ಹೊರಗಿರುವ ಡಿಪಿಪಿಪಿ
- −40ರ ಹತ್ತಿರ, 200 ಹರ್ಟ್ಸ್‌ಗಿಂತ ಸ್ವಲ್ಪ ಜಾಸ್ತಿ ಸೀಳು: ಡೈಫಿನೈಲ್‌ಫಾಸ್ಫೀನ್

ಕಡೆಯದು ಕಂಡರೆ ತಾಪಮಾನ ಜಾಸ್ತಿಯಾಗಿದೆ, ಇಲ್ಲವೇ ಬೇಸ್ ತೀವ್ರವಾಗಿದೆ ಅಂತ ಅರ್ಥ. ಇದರ ವಾಸನೆಯೂ ಕೆಟ್ಟದ್ದು, ಹುಡ್ ಬಿಟ್ಟು ಹೊರಗೆ ತೆರೆಯಬೇಡಿ.

## ಹಂತ 7: ವರ್ಕ್‌ಅಪ್

ತಣ್ಣಗಾದ ಮೇಲೆ 30 ಮಿಲೀ ಈಥೈಲ್ ಅಸಿಟೇಟ್ ಹಾಕಿ, ಸೀಲೈಟ್ (ಸೋಸಲು ಬಳಸುವ ಪುಡಿ) ಮೂಲಕ ಸೋಸಿ. ಸೀಲೈಟನ್ನು ಪೂರ್ತಿ ಒಣಗಲು ಬಿಡಬೇಡಿ. ಪುಡಿ ಪಲ್ಲಾಡಿಯಂ ಮತ್ತು ಸಾಲ್ವೆಂಟ್ ಆವಿ ಗಾಳಿಯಲ್ಲಿ ಸೇರಿದರೆ ಬೆಂಕಿ ಹೊತ್ತಬಹುದು. ಸೋಸಿದ ಕೂಡಲೇ ಅದರ ಮೇಲೆ ನೀರು ಹಾಕಿ, ಪಲ್ಲಾಡಿಯಂ ತ್ಯಾಜ್ಯದ ಡಬ್ಬಿಗೆ ಒದ್ದೆಯಾಗೇ ಸೇರಿಸಿ.

ಸೋಸಿದ ದ್ರಾವಣವನ್ನು ಈ ಕ್ರಮದಲ್ಲಿ ತೊಳೆಯಿರಿ: ಮೊದಲು ನೀರು ಎರಡು ಸಲ, ಆಮೇಲೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಸಲ, ಸ್ಯಾಚುರೇಟೆಡ್ ಸೋಡಿಯಂ ಬೈಕಾರ್ಬನೇಟ್ ಎರಡು ಸಲ, ಕೊನೆಗೆ ಉಪ್ಪು ನೀರು. ನೀರು ಡಿಎಂಎಸ್‌ಒ ತೆಗೆಯುತ್ತದೆ, ಆಸಿಡ್ ಅಮೀನ್ ತೆಗೆಯುತ್ತದೆ, ಬೈಕಾರ್ಬನೇಟ್ ಡೈಫಿನೈಲ್‌ಫಾಸ್ಫಿನಿಕ್ ಆಸಿಡ್ ತೆಗೆಯುತ್ತದೆ. ಬೈಕಾರ್ಬನೇಟ್ ಬಿಟ್ಟರೆ ಆ ಆಸಿಡ್ ಕಾಲಮ್ ಪೂರ್ತಿ ಎಳೆದುಕೊಂಡು ಬರುತ್ತದೆ. ಇದನ್ನು ಹಾಕುವಾಗ ಗ್ಯಾಸ್ ಏಳುತ್ತದೆ, ಸೆಪರೇಟಿಂಗ್ ಫನಲ್‌ನ ಕೀಲಿ ಆಗಾಗ ತೆರೆಯಿರಿ.

ನಿಮ್ಮ ಬ್ರೋಮೈಡ್‌ನಲ್ಲಿ ಪಿರಿಡೀನ್ ಅಥವಾ ಅಮೀನ್ ಇದ್ದರೆ ಹೈಡ್ರೋಕ್ಲೋರಿಕ್ ಆಸಿಡ್ ಹಂತ ಬಿಡಿ. ಪ್ರಾಡಕ್ಟೇ ನೀರಿಗೆ ಹೋಗಿಬಿಡುತ್ತದೆ.

ಸಾಮಾನು ತೊಳೆಯುವಾಗ ವಾಸನೆ ಹೋಗಲು ಬ್ಲೀಚ್ ಬಳಸುವವರಿದ್ದಾರೆ. ಡಿಎಂಎಸ್‌ಒ, ಅಮೀನ್, ಆಸಿಡ್ ಎಲ್ಲವನ್ನೂ ಪೂರ್ತಿ ತೊಳೆದ ಮೇಲೆ ಮಾತ್ರ, ಅದೂ ತೆಳು ಬ್ಲೀಚ್, ಹುಡ್ ಒಳಗೆ. ಇವುಗಳಲ್ಲಿ ಯಾವುದು ಬ್ಲೀಚ್ ಜೊತೆ ಸೇರಿದರೂ ಅಪಾಯ.

## ಹಂತ 8: ಕಾಲಮ್

ಹೆಕ್ಸೇನ್–ಈಥೈಲ್ ಅಸಿಟೇಟ್ ಸಮಪಾಲಿನಿಂದ ಶುರು ಮಾಡಿ, ನಿಧಾನವಾಗಿ ಪೂರ್ತಿ ಈಥೈಲ್ ಅಸಿಟೇಟ್‌ಗೆ ಹೋಗಿ. ಬ್ರೋಮೈಡ್ ಉಳಿದಿದ್ದರೆ ಮೊದಲೇ ಓಡಿಹೋಗುತ್ತದೆ. ಪ್ರಾಡಕ್ಟ್ ನಿಧಾನವಾಗಿ ಬರುತ್ತದೆ. ಡಿಪಿಪಿಪಿಯ ಡೈಆಕ್ಸೈಡ್ ಇನ್ನೂ ಹಿಂದೆ, ಮೆಥನಾಲ್ ಸೇರಿಸದೆ ಇಳಿಯುವುದು ಕಷ್ಟ. ಇಷ್ಟು ದೂರ ದೂರ ಬರುವುದರಿಂದಲೇ ಡಿಪಿಪಿಪಿ ಆರಿಸಿದ್ದು.

ತಾಳ್ಮೆ ಕಳೆದುಕೊಂಡು ಬೇಗನೆ ಮೆಥನಾಲ್ ಹಾಕಿದರೆ ಎಲ್ಲವೂ ಒಟ್ಟಿಗೆ ಬಂದುಬಿಡುತ್ತದೆ. ಬಣ್ಣದ ಪಟ್ಟಿಯನ್ನು ನಂಬಬೇಡಿ. ಬಣ್ಣ ಪಲ್ಲಾಡಿಯಂನದ್ದು, ಪ್ರಾಡಕ್ಟ್‌ಗೆ ಬಣ್ಣವಿಲ್ಲ. ಪ್ರತಿ ಟ್ಯೂಬಿನ ಹನಿಯನ್ನೂ ಟಿಎಲ್‌ಸಿ ಹಾಳೆಯ ಮೇಲೆ ಇಟ್ಟು 254 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ನೋಡಿ. 292 ಮಿಗ್ರಾಂ ಬಂದರೆ ನೂರಕ್ಕೆ ನೂರು. ಅದಕ್ಕಿಂತ ಜಾಸ್ತಿ ಬಂದರೆ ಖುಷಿಪಡಬೇಡಿ, ಅದು ಈಥೈಲ್ ಅಸಿಟೇಟ್ ಅಥವಾ ಡಿಎಂಎಸ್‌ಒ. ಇವು ಫಾಸ್ಫೀನ್ ಆಕ್ಸೈಡ್ ಜೊತೆ ಬಿಗಿಯಾಗಿ ಅಂಟಿಕೊಳ್ಳುತ್ತವೆ, ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಬಿಡಬೇಕು.

## ಹಂತ 9: ಬಂಧ ನಿಜವಾಗಿಯೂ ಆಗಿದೆಯೇ?

ರಂಜಕ ಎನ್‌ಎಂಆರ್‌ನಲ್ಲಿ 29ರ ಹತ್ತಿರ ಒಂದೇ ಸಿಗ್ನಲ್ ಇದ್ದರೆ ಒಳ್ಳೆಯದು, ಆದರೆ ಸಾಲದು. ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಕೂಡ ಅಲ್ಲೇ ಬರುತ್ತದೆ ಅಲ್ವಾ?

ಪ್ರೋಟಾನ್ ಎನ್‌ಎಂಆರ್‌ನಲ್ಲಿ 2.40ರ ಹತ್ತಿರ ಟಾಲೈಲ್‌ನ ಮೀಥೈಲ್, ಮೂರು ಹೈಡ್ರೋಜನ್. ಅರೋಮ್ಯಾಟಿಕ್ ಭಾಗದಲ್ಲಿ ಒಟ್ಟು ಹದಿನಾಲ್ಕು. ಈ 3:14 ಲೆಕ್ಕ ಕೂಡದಿದ್ದರೆ, ಅರೋಮ್ಯಾಟಿಕ್ ಜಾಸ್ತಿ ಇದ್ದರೆ, ಲಿಗಂಡ್‌ನಿಂದ ಬಂದ ಆಕ್ಸೈಡ್ ಸೇರಿದೆ. 2.6ರ ಹತ್ತಿರ ಚೂಪಾದ ಸಿಗ್ನಲ್ ಕಂಡರೆ ಅದು ಡಿಎಂಎಸ್‌ಒ, ಎರಡನೇ ಮೀಥೈಲ್ ಅಂತ ಗಾಬರಿಯಾಗಬೇಡಿ.

ಉಳಿದಿರುವ ಸ್ಟಾರ್ಟಿಂಗ್ ಮೆಟೀರಿಯಲ್ ಹುಡುಕಲು 8.7ರ ಹತ್ತಿರ ನೋಡಿ. ರಂಜಕದ ಮೇಲಿನ ಹೈಡ್ರೋಜನ್‌ನ ಸಿಗ್ನಲ್ 8.1ರ ಸುತ್ತ ಎರಡಾಗಿ ಸೀಳಿರುತ್ತದೆ. 400 ಮೆಗಾಹರ್ಟ್ಸ್‌ನಲ್ಲಿ ಆ ಎರಡು ತುಂಡುಗಳ ಮಧ್ಯೆ 1.2 ಪಿಪಿಎಂ ಅಂತರ. ಒಂದು ತುಂಡು 7.5ರ ಹತ್ತಿರ ಅರೋಮ್ಯಾಟಿಕ್ ಗುಂಪಿನಲ್ಲಿ ಅಡಗಿಕೊಳ್ಳುತ್ತದೆ, ಇನ್ನೊಂದು 8.7ರಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ಕಲ್ಮಶ ಅಂತ ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ಇಂಗಾಲದ ಎನ್‌ಎಂಆರ್ ಕೊಡುವಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ರಂಜಕಕ್ಕೆ ನೇರ ಅಂಟಿದ ಇಂಗಾಲ ಸುಮಾರು 100 ಹರ್ಟ್ಸ್ ಸೀಳು ತೋರಿಸುತ್ತದೆ. ಪಕ್ಕದ ಇಂಗಾಲಗಳು 10–12 ಹರ್ಟ್ಸ್. ಸ್ಪೆಕ್ಟ್ರಮ್ ತುಂಬ ಜೋಡಿ ಜೋಡಿ ಗೆರೆ ಕಂಡು "ಎರಡು ಕಾಂಪೌಂಡ್ ಮಿಶ್ರಣ" ಅಂತ ತೀರ್ಮಾನಿಸಿ ಮತ್ತೆ ಕಾಲಮ್ ಹಾಕಬೇಡಿ. ರಂಜಕ ಇರುವ ಕಡೆ ಆ ಜೋಡಿಗಳು ಬರಲೇಬೇಕು. ಟಾಲೈಲ್‌ನ ಇಂಗಾಲದಲ್ಲೂ 100 ಹರ್ಟ್ಸ್ ಸೀಳು ಕಂಡರೆ ಬಂಧ ಆಗಿದೆ ಅಂತ ಯಾರ ಮುಂದೆ ಬೇಕಾದರೂ ಹೇಳಬಹುದು. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಪ್ರೋಟಾನ್ ಸೇರಿದ ಅಯಾನ್ 293.109ಕ್ಕೆ ಬರಬೇಕು.

## ಆದರೂ ನಡೆಯದಿದ್ದರೆ

ಒಂದೇ ಸಲ ನಾಲ್ಕು ಬದಲಾವಣೆ ಮಾಡಬೇಡಿ. ಮೂರು ಚಿಕ್ಕ ಪರೀಕ್ಷೆ ಸಾಕು.

ಬ್ರೋಮೈಡ್ ಬದಲು 4-ಅಯೊಡೊಟೊಲ್ಯೂಯಿನ್ ಹಾಕಿ ಉಳಿದದ್ದೆಲ್ಲ ಹಾಗೇ ಇಡಿ. ಇದು ನಡೆದರೆ ಕ್ಯಾಟಲಿಸ್ಟ್ ಬದುಕಿದೆ, ಬ್ರೋಮೈಡ್‌ನೊಳಗೆ ನುಗ್ಗುವ ಹೆಜ್ಜೆಯೇ ನಿಧಾನ. ಆಗ ಲಿಗಂಡ್ ಬದಲಾಯಿಸಿ, ಡಿಪಿಪಿಎಫ್ ಅಥವಾ ಝ್ಯಾಂಟ್‌ಫಾಸ್ ನೋಡಿ (ಇವೂ ಎರಡು ರಂಜಕ ಇರುವ ಲಿಗಂಡ್‌ಗಳೇ). ಅಯೊಡೈಡ್ ಕೂಡ ನಡೆಯದಿದ್ದರೆ ಗಾಳಿ ಅಥವಾ ಫಾಸ್ಫೀನ್ ಆಕ್ಸೈಡ್ ಕಡೆಗೆ ಹಿಂತಿರುಗಿ.

ಪಲ್ಲಾಡಿಯಂ, ಬ್ರೋಮೈಡ್ ಎರಡೂ ಇಲ್ಲದೆ ಫಾಸ್ಫೀನ್ ಆಕ್ಸೈಡ್ ಮತ್ತು ಅಮೀನ್ ಮಾತ್ರ ಡಿಎಂಎಸ್‌ಒದಲ್ಲಿ 100 ಡಿಗ್ರಿಗೆ ಎರಡು ಗಂಟೆ ಕಾಯಿಸಿ. ಆಸಿಡ್ ಬಂದರೆ ಸಾಲ್ವೆಂಟ್‌ನಲ್ಲಿ ಗಾಳಿ ಇದೆ. ಡೈಫಿನೈಲ್‌ಫಾಸ್ಫೀನ್ ಮತ್ತು ಆಸಿಡ್ ಎರಡೂ ಒಟ್ಟಿಗೆ ಬಂದರೆ ಬಿಸಿ ಜಾಸ್ತಿಯಾಗಿದೆ.

ಪಲ್ಲಾಡಿಯಂ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಾಕಿ ನೋಡಿ. ನಿಮ್ಮ ಬ್ರೋಮೈಡ್‌ನಲ್ಲಿ ಕೀಟೋನ್ ಅಥವಾ ಆಲ್ಡಿಹೈಡ್ ಇದ್ದರೆ ಇದು ತುಂಬಾ ಮುಖ್ಯ. ಫಾಸ್ಫೀನ್ ಆಕ್ಸೈಡ್ ಬೇಸ್ ಇದ್ದರೆ ಸಾಕು, ಪಲ್ಲಾಡಿಯಂನ ಹಂಗಿಲ್ಲದೆ ಕಾರ್ಬೊನಿಲ್ ಮೇಲೆ ಹೋಗಿ ಕೂರುತ್ತದೆ. ರಂಜಕ–ಇಂಗಾಲ ಬಂಧ ಆಗಿರುತ್ತದೆ, ಆದರೆ ನಿಮಗೆ ಬೇಡದ ಇಂಗಾಲದ ಜೊತೆ. ಆಲ್ಡಿಹೈಡ್ ಇದ್ದರೆ ಅಸಿಟಾಲ್ ಮಾಡಿ ಮುಚ್ಚಿಟ್ಟು ಆಮೇಲೆ ರಿಯಾಕ್ಷನ್ ಹಾಕಿ.

## ಬೇರೆ ಸ್ಟಾರ್ಟಿಂಗ್ ಮೆಟೀರಿಯಲ್, ಬೇರೆ ಲೋಹ

ಅಯೊಡೈಡ್‌ಗಳಿಗೆ 80 ಡಿಗ್ರಿ ಸಾಕಾಗುತ್ತದೆ. ಟ್ರೈಫ್ಲೇಟ್‌ಗಳೂ (ಫಿನಾಲ್‌ನಿಂದ ಮಾಡುವ, ಬ್ರೋಮೈಡ್ ಬದಲು ಬಳಸಬಹುದಾದ ವಸ್ತುಗಳು) ಚೆನ್ನಾಗಿ ನಡೆಯುತ್ತವೆ. ಬೈನಾಫ್ಥಾಲ್‌ನ ಎರಡು ಟ್ರೈಫ್ಲೇಟ್‌ಗಳಲ್ಲಿ ಒಂದನ್ನು ಮಾತ್ರ ಹೀಗೆ ಬದಲಾಯಿಸಿ ಕೈರಲ್ ಲಿಗಂಡ್ ಮಾಡುವುದು ಪ್ರಸಿದ್ಧ ವಿಧಾನ. ಆದರೆ ಟ್ರೈಫ್ಲೇಟ್ ನೀರಿಗೆ ಒಡೆದು ಫಿನಾಲ್ ಆಗುತ್ತದೆ, ಅಲ್ಲಿ ಸಾಲ್ವೆಂಟ್ ನಿಜವಾಗಿಯೂ ಒಣಗಿರಬೇಕು. ಕ್ಲೋರೈಡ್‌ಗೆ ಈ ಅಳತೆ ನಡೆಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಮೆಥಾಕ್ಸಿಯಂಥ ಎಲೆಕ್ಟ್ರಾನ್ ಕೊಡುವ ಗುಂಪು ಇದ್ದರೆ ಸಮಯ ಜಾಸ್ತಿ ಬೇಕು, ಸಯನೊ ಇದ್ದರೆ ಕಡಿಮೆ. ಆರ್ಥೊ ಜಾಗದಲ್ಲಿ ಗುಂಪು ಇದ್ದರೆ ಬಂಧ ಕಟ್ಟುವುದು ನಿಧಾನವಾಗುತ್ತದೆ, ಪಲ್ಲಾಡಿಯಂ ಸ್ವಲ್ಪ ಜಾಸ್ತಿ ಮಾಡಲು ಇದೊಂದು ನ್ಯಾಯವಾದ ಕಾರಣ.

ಲೋಹ ಬದಲಾಯಿಸುವುದಾದರೆ, ಅಯೊಡೈಡ್‌ಗೆ ಕಾಪರ್ ಅಯೊಡೈಡ್ ಮತ್ತು ಡೈಅಮೀನ್ ಲಿಗಂಡ್ ಅಗ್ಗದ ದಾರಿ. ನಿಕ್ಕಲ್ ಕೂಡ ಅಗ್ಗ, ಬ್ರೋಮೈಡ್‌ನೊಳಗೆ ಸುಲಭವಾಗಿ ನುಗ್ಗುತ್ತದೆ, ಆದರೆ ಗಾಳಿಗೆ ಪಲ್ಲಾಡಿಯಂಗಿಂತ ಬೇಗ ಸಾಯುತ್ತದೆ. ಅದರ ಉಪ್ಪುಗಳು ಅಲರ್ಜಿ ತರುತ್ತವೆ, ಪುಡಿ ಉಸಿರಿಗೆ ಹೋದರೆ ಕ್ಯಾನ್ಸರ್‌ಗೂ ಕಾರಣವಾಗಬಹುದು, ತೂಕ ಮಾಡುವುದೂ ಹುಡ್ ಒಳಗೇ ಆಗಲಿ. ಪಲ್ಲಾಡಿಯಂನಲ್ಲಿ ಗಾಳಿ ತಡೆಯುವುದು ಅಭ್ಯಾಸವಾಗುವ ತನಕ ನಿಕ್ಕಲ್ ಕಡೆಗೆ ಹೋಗಬೇಡಿ.